ಗಿಡ್ಡನಿಗೆ ಹಿಡಿದ ಕೊಡೆ

“ಮಳೆ ಬಂದ್ರೆ ಬರ್ಲಿ ಕಣೇ! ಮಳೆಯೇನು ನಾನು ಕಾಣದ್ದಾ? ಬಾಯಿ ಮುಚ್ಕೊಂಡು ಕೂತ್ಕೋ!”

“ನಾನು ಬಾಯಿ ಮುಚ್ಕೊಂಡ್ರೆ ಅಕ್ಕನ ಉಸಿರಿಗೆ ಯಾರು ಜವಾಬ್ದಾರಿ? ನಿನ್ನ ಆ ಡಬ್ಬಾನಾ?”

“ಡಬ್ಬಾ ಗಿಬ್ಬಾ ಅಂದ್ರೆ ನೋಡು! ಇಷ್ಟು ವರ್ಷ ಅಕ್ಕನ್ನ ನೋಡ್ಕೊಂಡಿದ್ದು ನಾನು. ತಿಂಗಳಿಗೊಂದು ಸಲ ಕಿತ್ತಳೆಹಣ್ಣು ಹಿಡ್ಕೊಂಡು ಬಂದು, ಬಿ.ಪಿ. ನೋಡಿ, ಮೂಗು ಮುರಿದು ಹೋಗೋಳು ನೀನು!”

“ಆಕಾಶ ನೋಡಣ್ಣ, ಇದ್ದಿಲಿನ ಹಾಗಾಗಿದೆ. ಈಗ ಗಂಟು ಕಟ್ಟಿದ್ರೆ ಮಳೆಗೆ ಮುಂಚೆ ಹೊರಟುಬಿಡ್ಬಹುದು.”

“ನಾಳೆ ಸಾಯಂಕಾಲ ಅಂದ್ರೆ ನಾಳೆ ಸಾಯಂಕಾಲ. ಅಲ್ಲೀತನಕ ಈ ಟೆಂಟಿನ ಒಂದು ಗೂಟಾನೂ ಕೀಳಲ್ಲ.”

ಕೆರೆಯ ದಂಡೆಯ ಹುಲ್ಲುಬಯಲಿನಲ್ಲಿ ಅಣ್ಣ ತಂಗಿ ಇಬ್ಬರೂ ಎದುರುಬದುರು ನಿಂತು ಹೀಗೆ ಗಂಟಲು ಹರಿದುಕೊಳ್ಳುತ್ತಿದ್ದರು. ಅಣ್ಣ ಜನರೇಟರ್ ರಿಪೇರಿಯ ಮೆಕ್ಯಾನಿಕ್. ವಯಸ್ಸು ಐವತ್ತೆರಡು, ಮೀಸೆ ನರೆತಿದೆ, ಕೋಪಕ್ಕೆ ಮಾತ್ರ ಇನ್ನೂ ಇಪ್ಪತ್ತೆರಡು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಅವಳೂ ಅದೇ ರಕ್ತ. ಒಬ್ಬರು ಒಂದು ಅಂದರೆ ಇನ್ನೊಬ್ಬರು ಎರಡು ಅನ್ನದೆ ಬಿಡುವ ಜಾತಿಯಲ್ಲ. ಟೆಂಟಿನ ಬಾಗಿಲಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದ ಅಕ್ಕ ಇಬ್ಬರನ್ನೂ ನೋಡುತ್ತಿರಲಿಲ್ಲ. ಅವಳು ಕೆರೆಯನ್ನು ನೋಡುತ್ತಿದ್ದಳು.

ಅಕ್ಕನ ಮೂಗಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ. ಕೊಳವೆಯ ಇನ್ನೊಂದು ತುದಿ ಟೆಂಟಿನೊಳಗಿದ್ದ ಆಕ್ಸಿಜನ್ ಮೆಷಿನ್ನಿಗೆ. ಮೊಣಕಾಲೆತ್ತರದ ಆ ಬಿಳಿ ಮೆಷಿನ್ನು ಸುತ್ತಲ ಗಾಳಿಯನ್ನು ಎಳೆದುಕೊಂಡು ಸೋಸಿ ಕೊಡುತ್ತದೆ, ಆದರೆ ಕರೆಂಟು ಇಲ್ಲದೆ ಒಂದು ಕ್ಷಣವೂ ನಡೆಯದು. ಕರೆಂಟು ಹೋದರೆ ಕಿವಿ ಹರಿಯುವ ಹಾಗೆ ಕೀಂ ಕೀಂ ಎಂದು ಕೂಗಿಕೊಳ್ಳುತ್ತದೆ. ಆ ಬಯಲಿನಲ್ಲಿ ಕರೆಂಟಿಲ್ಲ. ಬಯಲಿನ ಗೇಟಿನ ಬಳಿ ಕಾವಲುಗಾರನ ಕೋಣೆಯಲ್ಲೂ ಒಂದು ಸೋಲಾರ್ ದೀಪ ಬಿಟ್ಟರೆ ಬೇರೇನಿಲ್ಲ. ಅದಕ್ಕೇ ಮೆಕ್ಯಾನಿಕ್ ತನ್ನ ಶೆಡ್ಡಿನಿಂದ ಸಣ್ಣ ಪೆಟ್ರೋಲ್ ಜನರೇಟರನ್ನು ಹೊತ್ತು ತಂದಿದ್ದ. ಅದರ ಹೆಸರು ಗಿಡ್ಡ. ಒಬ್ಬನೇ ಎತ್ತಬಹುದಾದ ಭಾರ, ಒಂದೇ ಎಳೆತಕ್ಕೆ ಏಳುವ ಇಂಜಿನ್ನು. ಹನ್ನೊಂದು ವರ್ಷದಿಂದ ಒಂದು ದಿನವೂ ಕೈಕೊಟ್ಟದ್ದಿಲ್ಲ.

ಇಷ್ಟೆಲ್ಲ ಹಠ ಯಾಕೆ ಅಂದರೆ, ಅದೊಂದು ಪಂದ್ಯ. ಹೋದ ತಿಂಗಳು ಡಾಕ್ಟರು ಅಕ್ಕನ ಎದೆಯ ಫೋಟೋ ಹಿಡಿದು, “ಇವರಿಗೆ ಒಳ್ಳೆ ಗಾಳಿ ಇರೋ ಜಾಗ ಬೇಕು. ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತಾರಾ?” ಎಂದು ಕೇಳಿದ್ದರು. “ಒಬ್ರೂ ಇಲ್ಲ ಸಾರ್” ಎಂದು ಮೆಕ್ಯಾನಿಕ್ ಎದೆಯುಬ್ಬಿಸಿಯೇ ಹೇಳಿದ್ದ. ಅದು ನಿಜವೂ ಹೌದು. “ಸೌದೆ ಒಲೆ?” “ಅದೂ ಇಲ್ಲ ಸಾರ್.” ಡಾಕ್ಟರು ತಲೆ ಕೆರೆದುಕೊಂಡರು. ಹೊರಗೆ ಬಂದ ಕೂಡಲೇ ತಂಗಿ, “ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನಮ್ಮ ಬೀದಿ ತುಂಬ ಮರ ಇದೆ” ಅಂದಳು. ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿದುಹೋಯಿತು. ತಾಯಿ ಸತ್ತಾಗ ಅವನಿಗೆ ಎಂಟು, ತಂಗಿಗೆ ಮೂರು, ಅಕ್ಕನಿಗೆ ಹದಿನೆಂಟು. ಅಕ್ಕ ತನ್ನ ಮದುವೆಯ ಮಾತು ಎತ್ತಲು ಯಾರನ್ನೂ ಬಿಡದೆ ಇಬ್ಬರನ್ನೂ ಸಾಕಿದಳು. ತಂಗಿ ಓದಿ, ಮದುವೆಯಾಗಿ ಹೊರಟುಹೋದಳು. ಅಕ್ಕ ಇವನ ಜೊತೆಯಲ್ಲೇ, ಶೆಡ್ಡಿನ ಮೇಲಿನ ಮನೆಯಲ್ಲಿ ಉಳಿದಳು. ಈಗ ಅವಳು ಎದ್ದು ಹೋದರೆ, ಇವನು ಅಕ್ಕನನ್ನು ನೋಡಿಕೊಳ್ಳಲಾರದೆ ಕಳಿಸಿದ ಅಂತ ಅಲ್ಲವೆ ಅರ್ಥ?

“ಗಾಳಿ ತಾನೇ ಬೇಕು?” ಎಂದು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂಗಿದ್ದ. “ಎರಡು ದಿನ ಕೆರೆ ದಂಡೇಲಿ ಇಟ್ಟು ತೋರಿಸ್ತೀನಿ, ಮೆಷಿನ್ನಿನ ಸಮೇತ. ಅವಳಿಗೆ ಯಾವಾಗ ಎಲ್ಲಿ ಗಾಳಿ ಬೇಕೋ ಅಲ್ಲಿ ನಾನು ಕೊಡ್ತೀನಿ. ಒಂದು ಚೂರು ತೊಂದರೆ ಆಗದೆ ವಾಪಸ್ ಬಂದ್ರೆ ಅಕ್ಕ ನನ್ನ ಮನೇಲೇ. ನೀನು ಆಮೇಲೆ ಸೊಲ್ಲೆತ್ತಬಾರ್ದು.”

“ತೊಂದರೆ ಆದ್ರೆ?”

“ಆದ್ರೆ ಕರ್ಕೊಂಡು ಹೋಗು, ಹೋಗು!”

ಅಕ್ಕನನ್ನು ಯಾರೂ ಕೇಳಿರಲಿಲ್ಲ. “ಕೆರೆ ನೋಡಿ ಬಹಳ ವರ್ಷ ಆಯ್ತು” ಎಂದಷ್ಟೇ ಅವಳು ಅಂದಿದ್ದಳು.

ಬೆಳಿಗ್ಗೆ ಹತ್ತಕ್ಕೆ ಬಂದಾಗ ಮೆಕ್ಯಾನಿಕ್ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಮಾಡಿದ್ದ. ಟೆಂಟಿನಿಂದ ಹದಿನೈದು ಹೆಜ್ಜೆ ಅಳೆದು, ನಾಲ್ಕು ಇಟ್ಟಿಗೆಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಗಿಡ್ಡನನ್ನು ಕೂರಿಸಿದ್ದ. ಸೈಲೆನ್ಸರಿನ ಬಾಯಿ ಟೆಂಟಿಗೆ ಬೆನ್ನು ಹಾಕಿತ್ತು. ಮೇಲೆ ನಾಲ್ಕು ಕಬ್ಬಿಣದ ಪೈಪಿಗೆ ನೀಲಿ ಟಾರ್ಪಾಲನ್ನು ಇಳಿಜಾರಾಗಿ ಎಳೆದು ಕಟ್ಟಿದ್ದ. ಸುತ್ತ ಮಾತ್ರ ಏನೂ ಮುಚ್ಚಿರಲಿಲ್ಲ. “ಜನರೇಟರ್‌ಗೆ ಛತ್ರಿ ಹಿಡೀಬೇಕು, ಕಂಬಳಿ ಹೊದಿಸ್ಬಾರ್ದು” ಎಂದು ಗಿರಾಕಿಗಳಿಗೆ ಅವನು ಹೇಳುವ ಮಾತು. ಗಾಳಿಯಾಡದಿದ್ದರೆ ಇಂಜಿನ್ನು ಬೆಂದುಹೋಗುತ್ತದೆ, ಹೊಗೆಯೂ ಅಲ್ಲೇ ಸುತ್ತುತ್ತದೆ. ಇದೆಲ್ಲ ಗೊತ್ತಿಲ್ಲದ ಮನುಷ್ಯನಲ್ಲ ಅವನು.

“ನಮ್ಮ ಮದುವೆ ದಿನ ಮಳೆ ಬಂದಾಗ ನನಗೆ ಇಷ್ಟು ಚಂದ ಛತ್ರಿ ಹಿಡಿದಿರ್ಲಿಲ್ಲ ಇವ್ರು” ಎಂದು ಅವನ ಹೆಂಡತಿ ಅಕ್ಕನಿಗೆ ಕೇಳುವಂತೆ ಹೇಳಿದಳು. ಅಕ್ಕ ಉಸಿರು ಸಾಲದಿದ್ದರೂ ನಕ್ಕಳು. “ಗಿಡ್ಡನಿಗೆ ಒಂದು... ಸ್ವೆಟರ್ ಹೆಣೆದುಕೊಡ್ಲಾ ಮರಿ?” ಅಂದಳು. ನರೆತ ಮೀಸೆಯವನಾದರೂ ಅವಳಿಗೆ ಅವನು ಮರಿಯೇ.

ಮಧ್ಯಾಹ್ನದ ತನಕ ಎಲ್ಲ ಸರಿಯಿತ್ತು. ಗಿಡ್ಡ ದೂರದಲ್ಲಿ ಗೊರಗೊರ ಎನ್ನುತ್ತಿದ್ದ. ಅಕ್ಕ ನೀರಿನ ಮೇಲೆ ಹಕ್ಕಿಗಳು ಇಳಿಯುವುದನ್ನು, ಏಳುವುದನ್ನು ಎಣಿಸುತ್ತ ಕೂತಿದ್ದಳು. ಎರಡು ಗಂಟೆಗೆ ಕೆರೆಯ ಆಚೆ ದಡದಲ್ಲಿ ಮೋಡ ಗುಡ್ಡೆ ಬಿತ್ತು. ಜಗಳ ಶುರುವಾದದ್ದು ಆಗಲೇ.

ಜಗಳದಿಂದ ಇನ್ನೊಂದು ಎಡವಟ್ಟೂ ಆಯಿತು. ಗಿಡ್ಡನಿಂದ ಬರುವ ವೈರೂ ಮೆಷಿನ್ನಿನ ವೈರೂ ಸೇರುವ ಕಡೆ ಒಂದು ಪ್ಲಗ್ಗು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕವಲು ಕೋಲಿಗೆ ನೇತುಹಾಕಬೇಕು. ಚೀಲಕ್ಕೆ ಮುಂಚೆ ವೈರು ಒಂದು ಗೇಣು ಕೆಳಗೆ ಜೋಲುವಂತೆ ಬಿಡಬೇಕು. ವೈರಿನ ಮೇಲೆ ಹರಿದು ಬರುವ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮೆಕ್ಯಾನಿಕ್ ಆ ಕೆಲಸ ಮಾಡುತ್ತಿದ್ದಾಗಲೇ ತಂಗಿ ಬಂದು ಬಾಯಿ ಹಾಕಿದ್ದು. ಅವನು ಚೀಲ ಸುತ್ತಿದ, ನೇತುಹಾಕಿದ, ಜೋಲು ಬಿಡುವುದನ್ನು ಮರೆತ. ಬೈಯುವ ಬಾಯಿ ತೆರೆದಾಗ ಕೈಯ ಲೆಕ್ಕ ತಪ್ಪುವುದು ಅವನಿಗೆ ಹೊಸದೇನಲ್ಲ.

ಎರಡೂವರೆಗೆ ಮಳೆ ಬಿತ್ತು. ಬಂದದ್ದೂ ಕೆರೆಯ ಮೇಲಿನಿಂದಲೇ. ನೀರಿನ ಮೇಲೆ ಬಿಳಿ ಗೋಡೆಯೊಂದು ನಡೆದು ಬರುವ ಹಾಗೆ ಬಂತು. “ನೋಡ್ರೋ, ನೋಡ್ರೋ” ಎಂದು ಅಕ್ಕ ಕೈ ತೋರಿಸಿದಳು. ಯಾರೂ ನೋಡಲಿಲ್ಲ. ಒಬ್ಬರು ಟೆಂಟಿನ ಗೂಟಕ್ಕೆ, ಒಬ್ಬರು ಹಾಸಿಗೆಗೆ, ಒಬ್ಬರು ವೈರಿಗೆ ಓಡಿದರು. ಹತ್ತು ನಿಮಿಷ ಆಗಿರಲಿಲ್ಲ, ಟೆಂಟಿನೊಳಗೆ ಮೆಷಿನ್ನು ಕೀಂ ಎಂದು ಕೂಗಿತು.

ಮೆಕ್ಯಾನಿಕ್‌ಗೆ ಜೀವ ಬಾಯಿಗೆ ಬಂತು. ಅಕ್ಕನ ಕೊಳವೆಯನ್ನು ಮೆಷಿನ್ನಿನಿಂದ ಕಿತ್ತು ತಾನು ತಂದಿದ್ದ ಪುಟ್ಟ ಸಿಲಿಂಡರಿಗೆ ಸಿಕ್ಕಿಸಿ ಹೊರಗೆ ಓಡಿದ. ಅದು ಒಂದು ಗಂಟೆಯ ಸಿಲಿಂಡರು, ಅಷ್ಟೇ. ಗಿಡ್ಡನನ್ನು ನಿಲ್ಲಿಸಿ ಚೀಲ ಬಿಚ್ಚಿದರೆ ಒಳಗೆ ಲೋಟದಷ್ಟು ನೀರು. ಪ್ಲಗ್ಗನ್ನು ಬನಿಯನ್ನಿನಿಂದ ಒರೆಸಿ, ಊದಿ, ಬೇರೆ ಚೀಲ ಸುತ್ತಿ, ಈ ಸಲ ವೈರು ಜೋಲುಬಿಟ್ಟು ಕಟ್ಟಿದ. ಇಪ್ಪತ್ತು ನಿಮಿಷ ಹಿಡಿಯಿತು. ಮೈಯಲ್ಲಿ ಒಣಗಿದ ಒಂದು ದಾರದ ಎಳೆ ಇರಲಿಲ್ಲ.

“ಎಷ್ಟಕ್ಕೆ ಬಂತು ಮುಳ್ಳು?” ತಂಗಿ ಸಿಲಿಂಡರಿನ ಮೀಟರು ನೋಡುತ್ತ ಕೇಳಿದಳು.

“ನಿನ್ನ ಕಣ್ಣಿಗೆ ಕಾಣಲ್ವಾ?”

“ಕಾಣುತ್ತೆ. ನಿನಗೆ ಕಾಣುತ್ತಾ ಅಂತ ಕೇಳಿದೆ.”

ಎರಡನೆಯ ಸಲ ಮೆಷಿನ್ನು ಕೂಗಿದ್ದು ಗಾಳಿ ತಿರುಗಿದಾಗ. ಟಾರ್ಪಾಲಿನ ಒಂದು ಮೂಲೆ ಕಿತ್ತುಕೊಂಡು ಪಟಪಟ ಬಡಿಯತೊಡಗಿತು. ಎರಚಲು ನೇರವಾಗಿ ಗಿಡ್ಡನ ಏರ್ ಫಿಲ್ಟರಿಗೆ ನುಗ್ಗಿತು. ಗಿಡ್ಡ ಎರಡು ಸಲ ಕೆಮ್ಮಿ ನಿಂತ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಮೆಕ್ಯಾನಿಕ್ ಮಂಡಿಯೂರಿ ಫಿಲ್ಟರಿನ ಸ್ಪಂಜನ್ನು ಹಿಂಡಿ, ಕಾರ್ಬುರೇಟರಿನ ನೀರು ಬಸಿದು, ಹಗ್ಗ ಎಳೆದ. ಒಂದು, ಎರಡು, ಏಳು ಸಲ. “ಏಳೋ ನನ್ನಪ್ಪ, ಮಾನ ಕಳೀಬೇಡ್ವೋ” ಎಂದು ಬೈಯುತ್ತ, ಬೇಡುತ್ತ ಎಳೆದ. ಎಂಟನೆಯದಕ್ಕೆ ಗಿಡ್ಡ ಎದ್ದ.

ಟೆಂಟಿಗೆ ಬಂದಾಗ ಪುಟ್ಟ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಅಕ್ಕನ ತುಟಿಯ ಬಣ್ಣ ಸ್ವಲ್ಪ ಮಾಸಿತ್ತು. ತಂಗಿ ರೇನ್‌ಕೋಟು ಹಾಕಿಕೊಳ್ಳುತ್ತಿದ್ದಳು.

“ಎಲ್ಲಿಗೆ ಹೊರಟೆ?”

“ಗೇಟಿಗೆ. ನನ್ನ ಕಾರಲ್ಲಿ ದೊಡ್ಡ ಸಿಲಿಂಡರ್ ಇದೆ.”

ಮೆಕ್ಯಾನಿಕ್ ಅವಳ ಮುಖ ನೋಡಿದ. “ತಂದಿದ್ಯಾ? ನನಗೆ ಹೇಳದೆ?”

“ಹೇಳಿದ್ರೆ ತರೋಕೆ ಬಿಡ್ತಿದ್ಯಾ?”

“ಅಂದ್ರೆ ನಾನು ಸೋಲ್ತೀನಿ ಅಂತ ಗಂಟು ಕಟ್ಟಿಕೊಂಡೇ ಬಂದಿದೀಯ!”

“ಅಕ್ಕ ಸಾಯಬಾರ್ದು ಅಂತ ಬಂದಿದೀನಿ. ನೀನು ಗೆಲ್ಲು, ಯಾರು ಬೇಡ ಅಂದ್ರು?” ಎಂದು ತಂಗಿ ಮಳೆಗೆ ಇಳಿದಳು. ಗೇಟು ಅಲ್ಲಿಂದ ಹತ್ತು ನಿಮಿಷದ ದಾರಿ. ಗಾಡಿಗಳನ್ನು ಬಯಲಿಗೆ ಬಿಡುವುದಿಲ್ಲ ಎಂದು ಕಾವಲುಗಾರ ಎಲ್ಲವನ್ನೂ ಅಲ್ಲೇ ನಿಲ್ಲಿಸಿದ್ದ.

ಅವಳ ಬೆನ್ನು ಮಳೆಯಲ್ಲಿ ಮಾಯವಾದ ಮೇಲೆ ಮೆಕ್ಯಾನಿಕ್ ಬಾಲ ಸುಟ್ಟ ಬೆಕ್ಕಿನ ಹಾಗೆ ಟೆಂಟಿನ ಒಳಗೂ ಹೊರಗೂ ಸುತ್ತಿದ. ಇನ್ನೊಂದು ಸಲ ಗಿಡ್ಡ ನಿಂತರೆ ಸಿಲಿಂಡರಿನಲ್ಲಿ ಹತ್ತು ನಿಮಿಷವೂ ಇಲ್ಲ. ತಂಗಿ ದೊಡ್ಡ ಸಿಲಿಂಡರನ್ನು ತಂದು ನಿಲ್ಲಿಸಿದರೆ ಪಂದ್ಯ ಮುಗಿದ ಹಾಗೆ. ಎಲ್ಲಿಟ್ಟರೆ ಗಿಡ್ಡ ನೆನೆಯುವುದಿಲ್ಲ? ಮರದ ಕೆಳಗೆ ಸಿಡಿಲಿನ ಭಯ. ವ್ಯಾನು ಗೇಟಿನ ಹತ್ತಿರ. ಹದಿನೈದು ಹೆಜ್ಜೆ ಇದ್ದದ್ದನ್ನು ಎಂಟಕ್ಕೆ ತಂದ. ಅಲ್ಲೂ ಎರಚಲು. ಕೊನೆಗೆ ಟೆಂಟಿನ ಮುಂದೆ ಚಾಚಿಕೊಂಡಿದ್ದ ಬಟ್ಟೆಯ ಚಪ್ಪರದತ್ತ ಕಣ್ಣು ಹೋಯಿತು. ಮಳೆಗೆ ಒಳಗೆ ಹಾಸಿಗೆಗೆ ಹೋಗುವ ತನಕ ಅಕ್ಕ ಬೆಳಿಗ್ಗೆಯಿಂದ ಕೂತಿದ್ದ ಜಾಗ.

“ರೀ, ಅಲ್ಲಿ ಬೇಡ” ಎಂದಳು ಹೆಂಡತಿ.

“ಸೈಲೆನ್ಸರ್ ಕೆರೆ ಕಡೆಗೆ ತಿರುಗಿಸ್ತೀನಿ. ಹೊಗೆ ಎಲ್ಲಾ ಆ ಕಡೆ ಹೋಗುತ್ತೆ. ನನಗೆ ಗೊತ್ತಿಲ್ವಾ?”

“ನಿಮಗೆ ಗೊತ್ತಿಲ್ಲ ಅಂತ ನಾನೆಲ್ಲಿ ಅಂದೆ?” ಎಂದು ಅವಳು ಒಳಗೆ ಸರಿದಳು. ಇಪ್ಪತ್ತೈದು ವರ್ಷದ ಸಂಸಾರ ಅವಳಿಗೆ ಆ ಒಂದು ವಾಕ್ಯವನ್ನು ಚೆನ್ನಾಗಿ ಕಲಿಸಿತ್ತು.

ಗಿಡ್ಡ ಬಾಗಿಲಿಗೆ ಬಂದು ಕೂತ. ಎರಚಲು ತಡೆಯಲು ಮೆಕ್ಯಾನಿಕ್ ಟಾರ್ಪಾಲನ್ನು ಎಡಕ್ಕೆ ಇಳಿಬಿಟ್ಟ. ಆಮೇಲೆ ಬಲಕ್ಕೂ ಇಳಿಬಿಟ್ಟ. ಮುಂದೆ ಕೆರೆಯ ಕಡೆ ಮಾತ್ರ ಒಂದು ಮೊಳ ತೆರೆದಿಟ್ಟ. ಛತ್ರಿ ಕಂಬಳಿಯಾದದ್ದು ಅವನಿಗೆ ಹೊಳೆಯಲೇ ಇಲ್ಲ. ಮಳೆ ಬರುತ್ತಿದ್ದದ್ದು ಕೆರೆಯ ಕಡೆಯಿಂದ. ಗಾಳಿಯೂ ಅಲ್ಲಿಂದಲೇ. ಸೈಲೆನ್ಸರು ಉಗುಳಿದ್ದನ್ನು ಗಾಳಿ ಹಾಗೇ ತಿರುಗಿಸಿ ಟೆಂಟಿನೊಳಕ್ಕೆ ತಳ್ಳುತ್ತಿತ್ತು. ಆದರೆ ಗಿಡ್ಡನ ಸದ್ದು ಒಂದೇ ಹದವಾಗಿತ್ತು, ಮೆಷಿನ್ನಿನ ಹಸಿರು ದೀಪ ಮಿಣುಕದೆ ಉರಿಯುತ್ತಿತ್ತು. ಮೆಕ್ಯಾನಿಕ್ ಅವೆರಡನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಟವೆಲಿನಿಂದ ತಲೆ ಒರೆಸಿಕೊಂಡು, “ಬರ್ಲಿ ಈಗ ನರ್ಸಮ್ಮ” ಅಂದ.

“ಕೆರೆ ಹೋಯ್ತು” ಎಂದಳು ಅಕ್ಕ.

“ಏನು?”

“ಕೆರೆ ಕಾಣಿಸ್ತಿತ್ತು. ಗಿಡ್ಡ... ಅಡ್ಡ ಕೂತ.”

“ಮಳೆ ನಿಂತ ಮೇಲೆ ಎತ್ತಿ ಆಚೆ ಇಡ್ತೀನಕ್ಕ. ಕೆರೆ ಎಲ್ಲಿಗೂ ಓಡಿಹೋಗಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಸೆರಗನ್ನು ಮೂಗಿನ ಹತ್ತಿರ ಹಿಡಿದಳು. “ಮರಿ, ಹೊಗೆ ವಾಸನೆ.”

ಮೆಕ್ಯಾನಿಕ್ ಟೆಂಟಿನ ನಡುವೆ ನಿಂತು ಮೂಗರಳಿಸಿ ಎಳೆದ. ಎಡಕ್ಕೆ ತಿರುಗಿ ಒಂದು ಸಲ, ಬಲಕ್ಕೆ ತಿರುಗಿ ಒಂದು ಸಲ. “ಏನೂ ಇಲ್ಲಕ್ಕ. ಮಣ್ಣಿನ ವಾಸನೆ, ಮಳೆದು.” ಹೆಂಡತಿಯ ಕಡೆ ನೋಡಿದ. ಅವಳೂ ಮೂಸಿದಳು. “ನನಗೇನೂ ಬರ್ತಿಲ್ಲಪ್ಪ. ತಲೆ ಮಾತ್ರ ಸ್ವಲ್ಪ ಭಾರ” ಅಂದಳು.

“ಟೀ ಕುಡಿದಿಲ್ಲ ನೀನು, ಅದಕ್ಕೆ.”

“ನನಗೂ ತಲೆ ಸಿಡೀತಿದೆ” ಅಂದಳು ಅಕ್ಕ.

ಮೆಕ್ಯಾನಿಕ್ ಅಕ್ಕನ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದ. ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಎಂದು ತೋರಿಸುವ ಕ್ಲಿಪ್ಪು. ತೊಂಬತ್ತೇಳು! ಮನೆಯಲ್ಲಿ ತೊಂಬತ್ತಮೂರು ದಾಟಿದ್ದೇ ಇಲ್ಲ. ಅವನ ಮುಖ ಅರಳಿತು. “ನೋಡು, ನೋಡು! ತೊಂಬತ್ತೇಳು! ಇದಕ್ಕಿಂತ ಸಾಕ್ಷಿ ಬೇಕಾ?” ಕ್ಲಿಪ್ಪನ್ನು ತೆಗೆಯದೆ ಹಾಗೇ ಬಿಟ್ಟ, ತಂಗಿ ಬಂದು ನೋಡಲಿ ಅಂತ. ಅಕ್ಕ ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಅಂದುಕೊಂಡ. ಒಳ್ಳೆಯದೇ ಆಯಿತು ಅಂದುಕೊಂಡ. ಆದರೂ ಎದೆಯಲ್ಲಿ ಏನೋ ಒಂದು ಕೂತಲ್ಲಿ ಕೂರಲು ಬಿಡಲೊಲ್ಲದು. ಎದ್ದು ಸ್ಪಂಜು ಮುಟ್ಟಿ ನೋಡಿದ, ಪೆಟ್ರೋಲು ನೋಡಿದ, ಪ್ಲಗ್ಗು ನೋಡಿದ. ಎಲ್ಲ ಸರಿಯಿದೆ. ಹಾಗಿದ್ದ ಮೇಲೆ ಈ ಚಡಪಡಿಕೆ ಯಾಕೆ?

ಅರ್ಧ ಗಂಟೆಯಾಗಿರಬಹುದು. ಬಯಲಿನ ಮೇಲೆ ಕಾರಿನ ಸದ್ದು ಕೇಳಿತು. ತಂಗಿ ಕಾವಲುಗಾರನ ಜೊತೆಯೂ ಕಾದಾಡಿ, ಗೇಟು ತೆಗೆಸಿ, ಕೆಸರಿಗೆ ಕಾರನ್ನೇ ಇಳಿಸಿದ್ದಳು. ಕಾರು ಟೆಂಟಿನ ಹಿಂದೆ ಇಪ್ಪತ್ತು ಹೆಜ್ಜೆ ಆಚೆ ನಿಂತಿತು. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟವಳು ಅಲ್ಲೇ ತಲೆಯೆತ್ತಿದಳು.

“ಅಣ್ಣಾ! ಹೊಗೆ! ಹೊಗೆ ಕಣೋ! ಆಫ್ ಮಾಡೋ ಅದನ್ನ! ಅಕ್ಕನ್ನ ಹೊರಗೆ ತಾ!”

ಇಪ್ಪತ್ತು ಹೆಜ್ಜೆ ದೂರದ ಮಳೆಯಲ್ಲಿ ನಿಂತವಳ ಮೂಗಿಗೆ ಬಂದದ್ದು ಪಕ್ಕದಲ್ಲಿ ನಿಂತವನ ಮೂಗಿಗೆ ಬಂದಿರಲಿಲ್ಲ. ಮೂವತ್ತು ವರ್ಷ ದಿನಕ್ಕೆ ಎಂಟು ಹತ್ತು ಇಂಜಿನ್ನುಗಳ ಬಾಯಿಗೆ ಮುಖವಿಟ್ಟು ಬದುಕಿದ ಮೂಗು ಅದು. ಹೊಗೆ ಅದಕ್ಕೆ ಗಾಳಿಯೇ ಆಗಿಹೋಗಿತ್ತು.

“ಏನೂ ಇಲ್ಲ ಕಣೇ, ತೊಂಬತ್ತೇಳು ತೋರಿಸ್ತಿದೆ” ಎಂದು ಅವನು ಹೇಳುತ್ತಿದ್ದಾಗಲೇ ತಂಗಿ ಓಡಿಬಂದು ಗಿಡ್ಡನ ಸ್ವಿಚ್ಚು ಒತ್ತಿದಳು. ಮೆಷಿನ್ನು ಕೀಂ ಎಂದು ಕೂಗಿತು. ಒಳಗೆ ನುಗ್ಗಿ ಟೆಂಟಿನ ಹಿಂಬದಿಯ ಜಿಪ್ಪನ್ನು ಸರ್ರನೆ ಎಳೆದು ತೆಗೆದಳು. ಅಕ್ಕನ ಕೆನ್ನೆ ತಟ್ಟಿದಳು. “ಅಕ್ಕಾ, ಕಣ್ಣು ಬಿಡು. ಅತ್ತಿಗೆ, ನೀವೂ ಹೊರಗೆ ಬನ್ನಿ. ಬನ್ನೀಂದ್ರೆ!”

ಅಕ್ಕ ಕಣ್ಣು ಬಿಟ್ಟಳು. ಒಂದು ಕ್ಷಣ ಎಲ್ಲರನ್ನೂ ನೋಡಿದಳು. ಮೂಗಿನ ಕೊಳವೆಯನ್ನು ತಾನೇ ತೆಗೆದು ದಿಂಬಿನ ಮೇಲಿಟ್ಟಳು. ತಂಗಿಯ ಹೆಗಲು ಹಿಡಿದು ಎದ್ದು, ಹಿಂಬಾಗಿಲಿನಿಂದ ಮಳೆಗೆ ನಡೆದಳು. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತ, ಬಾಯಿ ತೆರೆದು ಮಳೆಯ ಗಾಳಿ ಕುಡಿಯುತ್ತ, ಚಪ್ಪಲಿ ಇಲ್ಲದ ಕಾಲಲ್ಲಿ ಕೆಸರು ತುಳಿಯುತ್ತ ಕಾರಿನ ತನಕ ನಡೆದಳು. ಮೆಕ್ಯಾನಿಕ್ ಎತ್ತಿಕೊಳ್ಳಲು ಹೋದ. “ಬೇಡ ಬಿಡು” ಎಂದು ಕೈ ಸರಿಸಿದಳು.

ಕಾರಿನಲ್ಲಿ ದೊಡ್ಡ ಸಿಲಿಂಡರು. ತಂಗಿ ಅಕ್ಕನ ಮುಖಕ್ಕೆ ಮಾಸ್ಕು ಕಟ್ಟಿ ಪೂರ್ತಿ ತಿರುಗಿಸಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

“ಆ ಕ್ಲಿಪ್ಪಿಗೆ ಹೊಗೆ ಯಾವುದು, ಗಾಳಿ ಯಾವುದು ಗೊತ್ತಾಗಲ್ಲಣ್ಣ. ರಕ್ತಕ್ಕೆ ಹೊಗೆ ಸೇರಿದ್ರೂ ಅದು ತೊಂಬತ್ತೇಳೇ ಅನ್ನುತ್ತೆ. ನಿನ್ನ ಮೂಗಿನ ಹಾಗೆ ಅದೂ. ವಾಸನೆ ಬಂದಿದ್ದೇ ಪುಣ್ಯ. ಅದರಲ್ಲಿ ಕೊಲ್ಲೋ ಅನಿಲಕ್ಕೆ ವಾಸನೇನೂ ಇರಲ್ಲ.”

“ಸೈಲೆನ್ಸರ್ ಕೆರೆ ಕಡೆಗಿತ್ತು...”

“ಗಾಳಿ ಯಾವ ಕಡೆಗಿತ್ತು?”

ಮೆಕ್ಯಾನಿಕ್ ಕೆರೆಯ ಕಡೆ ತಿರುಗಿ ನೋಡಿದ. ಮಳೆಯ ನೀರು ಮೀಸೆಯಿಂದ ಇಳಿದು ಬಾಯಿಗೆ ಹೋಗುತ್ತಿತ್ತು.

ಅಕ್ಕ ಮಾಸ್ಕನ್ನು ಸ್ವಲ್ಪ ಎತ್ತಿದಳು. “ಅವನಿಗೆ ಬೈಬೇಡ” ಅಂದಳು. ಮೆಕ್ಯಾನಿಕ್‌ಗೆ ಹೋದ ಜೀವ ಬಂದಂತಾಯಿತು. ಆದರೆ ಅಕ್ಕನ ಮಾತು ಮುಗಿದಿರಲಿಲ್ಲ. “ಇದು ನನಗೆ ಗೊತ್ತಿರೋ ವಾಸನೇನೇ ಮರಿ. ನಿನ್ನ ಶೆಡ್ಡಿನ ಮೇಲೆ, ನನ್ನ ಕೋಣೇಲಿ, ದಿನಾ ಇದೇ. ಇಲ್ಲಿಗೂ ಬಂತಲ್ಲಾ ಅಂತ... ನೋಡ್ತಿದ್ದೆ.”

“ಶೆಡ್ಡಿಂದಾ?”

“ಕಿಟಕಿಗೆ ಬಟ್ಟೆ ತುರುಕ್ತಿದ್ದೆ. ನೀನು ಬಂದು ಕಿತ್ತು ಹಾಕ್ತಿದ್ದೆ. ಗಾಳಿ ಬರ್ಲಿ ಅಂತ.”

ಹೌದು, ಕಿತ್ತು ಹಾಕುತ್ತಿದ್ದ. ಹಳೆಯ ಸೀರೆಯ ತುಂಡುಗಳು. ಕಿಟಕಿಯ ಕಂಬಿಯ ಸಂದಿಯಲ್ಲಿ ಬೆಣೆ ಹೊಡೆದ ಹಾಗೆ ಗಟ್ಟಿಯಾಗಿ ತುರುಕಿರುತ್ತಿದ್ದಳು. ಶೆಡ್ಡಿನಲ್ಲಿ ರಿಪೇರಿಯಾದ ಜನರೇಟರನ್ನು ಪರೀಕ್ಷೆಗೆ ಓಡಿಸುವ ಜಾಗ ಸರಿಯಾಗಿ ಆ ಕಿಟಕಿಯ ಕೆಳಗೆ. ದಿನಕ್ಕೆ ನಾಲ್ಕು ಗಂಟೆ, ಕೆಲವು ದಿನ ಆರು.

“ಹೇಳ್ಬಾರ್ದಿತ್ತಾ ಅಕ್ಕಾ? ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ದೆ ಕಣೋ. ಎಷ್ಟೋ ಸಲ ಹೇಳಿದ್ದೆ.” ಅಕ್ಕ ಉಸಿರಿಗೆ ನಿಂತಳು. “ನೀನು ಮೇಲೆ ಬಂದು... ಕೋಣೆ ನಡುವೆ ನಿಂತು ಮೂಸಿ ನೋಡಿ... ಏನೂ ಇಲ್ಲಕ್ಕ ಅಂತಿದ್ದೆ. ಇವತ್ತಿನ ಹಾಗೇ.”

ಮೆಕ್ಯಾನಿಕ್ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬೇರೆ ಕಡೆ ತಿರುಗಿದ್ದಳು. ಅವಳ ಮೂಗೂ ಆ ಮನೆಯದೇ.

“ಶೆಡ್ಡನ್ನೇ ಬೇರೆ ಕಡೆ ಹಾಕ್ತೀನಿ” ಅಂದ. “ನಾಳೇನೇ. ನಾಳೆ ಬೆಳಿಗ್ಗೆನೇ ಜಾಗ ನೋಡ್ತೀನಿ. ಎಲ್ಲಾ ಎತ್ತಿಸಿಬಿಡ್ತೀನಿ ಅಕ್ಕ.”

“ಎತ್ತಿಸು. ಒಳ್ಳೇದೇ. ಇವಳ ಉಸಿರಾದ್ರೂ ಉಳೀಲಿ” ಎಂದು ಅಕ್ಕ ಅವನ ಹೆಂಡತಿಯ ಕಡೆ ಕಣ್ಣು ತೋರಿಸಿದಳು.

“ಮೊದಲು ಆಸ್ಪತ್ರೆ. ಅಲ್ಲಿಂದ ನಮ್ಮನೆ” ಅಂದಳು ತಂಗಿ. “ಅಲ್ಲಿ ಮೆಷಿನ್ ಒಂದು ಇದೆ. ತಿಂಗಳಿಂದ ಪ್ಲಗ್ ಹಾಕಿ ಕಿಟಕಿ ಹತ್ತಿರ ಇಟ್ಟಿದೀನಿ.”

ಮೆಕ್ಯಾನಿಕ್ ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದ. “ನಾನೂ ಬರ್ತೀನಿ.”

“ಬೇಡಣ್ಣ. ನಿನ್ನ ಬಟ್ಟೆ ತುಂಬ ಅದೇ ಇದೆ. ಕಾರಿನ ಗಾಜು ಏರಿಸಿದ್ರೆ ಅವಳಿಗೆ ಅದೂ ಆಗಲ್ಲ. ನೀವಿಬ್ರೂ ಗಾಳೀಲಿ ಕೂತಿರಿ. ತಲೆನೋವು ಹೆಚ್ಚಾದ್ರೆ ಆಸ್ಪತ್ರೆಗೆ ಬನ್ನಿ.”

ಅವನು ಬಾಗಿಲಿನಿಂದ ಕೈ ತೆಗೆದ. ತನ್ನ ತೋಳನ್ನು ಮೂಗಿಗೆ ಹಿಡಿದು ಮೂಸಿ ನೋಡಿದ. ಅವನಿಗೆ ಏನೂ ಬರಲಿಲ್ಲ.

“ಬರ್ತೀನಿ ಮರಿ” ಅಂದಳು ಅಕ್ಕ. ಮಾಸ್ಕು ಮುಖಕ್ಕೆ ಇಳಿಯಿತು. ಕಾರು ಕೆಸರಿನಲ್ಲಿ ಒಮ್ಮೆ ಜಾರಿ, ಗಾಲಿ ತಿರುಗಿ, ಹಿಡಿತ ಸಿಕ್ಕಿ ಹೊರಟಿತು. ಅಕ್ಕ ಹಿಂದಿನ ಗಾಜಿನಲ್ಲಿ ತಿರುಗಿ ನೋಡುತ್ತಿದ್ದಳು. ಇವನನ್ನೋ ಕೆರೆಯನ್ನೋ ತಿಳಿಯಲಿಲ್ಲ.

ಮಳೆ ಇಳಿಯಿತು. ಹೆಂಡತಿ ಕಲ್ಲಿನ ಮೇಲೆ ತಲೆ ಹಿಡಿದುಕೊಂಡು ಕೂತಳು. ಮೆಕ್ಯಾನಿಕ್ ಕೂರಲಿಲ್ಲ. ಗಿಡ್ಡನನ್ನು ಎತ್ತಿಕೊಂಡು ಹೋಗಿ ಬೆಳಿಗ್ಗೆಯ ಜಾಗದಲ್ಲೇ ಇಟ್ಟ. ಅಲ್ಲಿಂದ ಟೆಂಟಿಗೆ ಮತ್ತೆ ಹೆಜ್ಜೆ ಅಳೆದ. ಹದಿನೈದು. ಸಾಲದು ಅನ್ನಿಸಿತು, ವೈರು ಎಷ್ಟು ಎಳೆದರೆ ಅಷ್ಟೂ ದೂರ ಒಯ್ದು ಇಪ್ಪತ್ತೆರಡು ಹೆಜ್ಜೆಗೆ ಇಟ್ಟ. ಬೆರಳು ನೆಕ್ಕಿ ಎತ್ತಿಹಿಡಿದು ಗಾಳಿ ಯಾವ ಕಡೆಯದು ನೋಡಿದ. ಹಲಗೆ ಮಟ್ಟ ಮಾಡಿದ. ಟಾರ್ಪಾಲನ್ನು ಎತ್ತರಕ್ಕೆ ಎಳೆದು ಕಟ್ಟಿದ, ಸುತ್ತ ನಾಲ್ಕೂ ಕಡೆ ತೆರೆದು ಬಿಟ್ಟ. ವೈರಿಗೆ ಒಂದು ಗೇಣು ಜೋಲು ಬಿಟ್ಟ. ಹಗ್ಗ ಎಳೆದ. ಗಿಡ್ಡ ಒಂದೇ ಎಳೆತಕ್ಕೆ ಎದ್ದ.

ಟೆಂಟಿನೊಳಗೆ ಮೆಷಿನ್ನಿನ ಹಸಿರು ದೀಪ ಬಂತು. ದಿಂಬಿನ ಮೇಲೆ ಬಿದ್ದಿದ್ದ ಕೊಳವೆಯ ತುದಿಯಿಂದ ಸೂಂ ಎಂದು ಗಾಳಿ ಬರತೊಡಗಿತು. ಕುರ್ಚಿಯ ಪಕ್ಕದಲ್ಲಿ ಅಕ್ಕನ ಚಪ್ಪಲಿ ಹಾಗೇ ಇದ್ದವು.

“ಯಾರಿಗೆ ಅಂತ ಓಡಿಸ್ತಿದೀರಿ? ಆಫ್ ಮಾಡ್ರೀ” ಅಂದಳು ಹೆಂಡತಿ.

“ಇರ್ಲಿ ಬಿಡು. ಬರ್ತೀನಿ ಅಂದ್ಲಲ್ಲ.”

ಹೆಂಡತಿ ನೆನೆದ ಸೆರಗು ಹಿಂಡಿಕೊಂಡಳು.

ಐದು ಗಂಟೆಗೆ ಅವಳ ಫೋನು ಹೊಡೆದುಕೊಂಡಿತು. ಅವಳು ಎದ್ದು ನಿಂತು ಕೇಳಿಸಿಕೊಂಡಳು. “ಹೂಂ... ಹೂಂ... ಪುಣ್ಯ... ಹೂಂ ಕಣಮ್ಮ.” ಫೋನಿಗೆ ಕೈ ಅಡ್ಡ ಹಿಡಿದು ಗಂಡನಿಗೆ ಹೇಳಿದಳು: “ಅಪಾಯ ಇಲ್ವಂತೆ. ಚೆನ್ನಾಗಿ ಮಾತಾಡ್ತಿದಾರಂತೆ. ಇವತ್ತು ಅಲ್ಲೇ ಇಟ್ಕೊಂಡು ನಾಳೆ ಬಿಡ್ತಾರಂತೆ.”

ಮೆಕ್ಯಾನಿಕ್ 'ಉಸ್ಸಪ್ಪಾ' ಎಂದು ಕುಕ್ಕರುಗಾಲಲ್ಲಿ ಕೂತ. ಮತ್ತೆ ಎದ್ದ. “ಇಲ್ಲಿ ಮಳೆ ನಿಂತಿದೆ ಅಂತ ಹೇಳು. ಗಿಡ್ಡನ್ನ ದೂರ ಇಟ್ಟಿದೀನಿ ಅಂತ ಹೇಳು. ಕೆರೆ ಚೆನ್ನಾಗಿ ಕಾಣ್ತಿದೆ ಅಂತ ಅಕ್ಕನಿಗೆ ಹೇಳು.”

ಹೆಂಡತಿ ಹೇಳಿದಳು. ಆ ಕಡೆಯಿಂದ ಬಂದದ್ದನ್ನು ಕೇಳಿಸಿಕೊಂಡಳು. ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟೆಂಟಿನೊಳಗೆ ಹೋಗಿ ಅಕ್ಕನ ಚಪ್ಪಲಿಗಳನ್ನು ತಂದು, ಕೆಸರು ತಟ್ಟಿ, ಚೀಲದಲ್ಲಿ ಹಾಕಿದಳು.

“ಏನಂದ್ಲು?”

“ನಾಳೆ ಬಟ್ಟೆಬರೆ ಕಳ್ಸಿ ಅಂದ್ರು.”

ಮೆಕ್ಯಾನಿಕ್ ಗಾಲಿಗಳ ಗುರುತಿನ ಮೇಲೆ ಹೋಗಿ ನಿಂತ. ಎರಡು ಉದ್ದ ಗೆರೆಗಳಲ್ಲಿ ನೀರು ತುಂಬಿಕೊಂಡು ಗೇಟಿನ ತನಕ ಹೊಳೆಯುತ್ತಿತ್ತು. ಅವನು ಅಲ್ಲಿಂದ ಗಿಡ್ಡನ ಹತ್ತಿರ ಬಂದ, ಅಲ್ಲಿಂದ ಟೆಂಟಿಗೆ, ಟೆಂಟಿನಿಂದ ಮತ್ತೆ ದಾರಿಗೆ. ಪೆಟ್ರೋಲು ಮುಗಿಯುವ ತನಕ ಗಿಡ್ಡ ಓಡಿದ. ಆಮೇಲೆ ಮೆಷಿನ್ನು ಕೂಗಿಕೊಂಡಿತು. ಹೆಂಡತಿಯೇ ಒಳಗೆ ಹೋಗಿ ಅದರ ಸ್ವಿಚ್ಚು ತೆಗೆದಳು.

ಮೂರು ವಾರದಲ್ಲಿ ಶೆಡ್ಡು ಊರಾಚೆಗೆ ಹೋಯಿತು. ಅಕ್ಕನ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಯ ಕಂಬಿ ತಿಕ್ಕಿಸಿ, ತಂಗಿಗೆ ಹೇಳಿ ಕಳಿಸಿದ. ಮತ್ತೊಮ್ಮೆ ಹೇಳಿ ಕಳಿಸಿದ. ಅಕ್ಕ ಬರಲಿಲ್ಲ.